ಕ್ರಿಮಿನಾಲಜಿ ಓದೋಕೆ ಗದ್ದೆ ಅಡ ಇಡ್ಬೇಕಾ?

ಹೆಸ್ರು, ಊರು ಎರಡೂ ಬದಲಾಯ್ಸಿದೀನಿ. ಹುಡುಗಿನ ಕಾವ್ಯ ಅಂತ ಕರೆಯೋಣ, ಪಾಂಡವಪುರದ ಕಡೆಯೋಳು, ಪಿಯುಸಿ ಆರ್ಟ್ಸ್, ಒಳ್ಳೆ ಮಾರ್ಕ್ಸು. ಮೈಸೂರಲ್ಲಿ ನಾನು ಮುಂದೆ ಏನು ಓದ್ಬೇಕು ಅಂತ ಮಕ್ಳಿಗೆ ಸಲಹೆ ಕೊಡೋ ಕೆಲಸ ಮಾಡ್ತೀನಿ, ನನ್ನ ಹತ್ರ ಬಂದು ಕೂತ ತಕ್ಷಣ ಅವಳಪ್ಪ ಶುರು ಮಾಡಿದ್ರು, "ಮೇಡಮ್ಮೋರೆ, ಇವ್ಳು ಅದೇನೋ ಕಳ್ರ ವಿಷ್ಯ ಓದ್ತಳಂತೆ, ಒಂಬತ್ ಲಕ್ಷ ಆಯ್ತದಂತೆ, ಗದ್ದೆ ಪತ್ರ ಬ್ಯಾಂಕ್‌ಗೆ ಇಡ್ಲಾ ಬ್ಯಾಡ್ವಾ ಯೋಳಿ." ನಂಗೆ ನಗು ಬಂತು, ಕಾವ್ಯ ನಗ್ಲಿಲ್ಲ.

ಬೆಂಗಳೂರಿನ ಒಂದು ಪ್ರೈವೇಟ್ ಕಾಲೇಜು, ಬಿಎ ಕ್ರಿಮಿನಾಲಜಿ (ಅಪರಾಧ ಯಾಕೆ, ಹೇಗೆ ನಡೆಯತ್ತೆ ಅಂತ ಓದೋ ವಿಷಯ), ಹಾಸ್ಟೆಲ್ ಸೇರಿ ವರ್ಷಕ್ಕೆ 3 ಲಕ್ಷ. ಅಮ್ಮನ ಚೀಟಿ ದುಡ್ಡಲ್ಲಿ 25 ಸಾವಿರ ಕಟ್ಟಿ ಸೀಟು ಬುಕ್ ಮಾಡಿ ಆಗಿತ್ತು.

ಅಪ್ಪನ್ನ ಟೀ ಕುಡ್ಕೊಂಡು ಬನ್ನಿ ಅಂತ ಕಳಿಸಿ, ಯಾಕಮ್ಮ ಇದೇ ಬೇಕು ಅಂತ ಕೇಳ್ದೆ. 2023ರ ನವೆಂಬರ್‌ನಲ್ಲಿ ಮಂಡ್ಯ ಕಡೆ ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ಆಗ ಇವ್ಳು ಫಸ್ಟ್ ಪಿಯು. "ಹಿಡಿದಿದ್ದು ಬೆಂಗಳೂರ್ ಪೊಲೀಸ್ರು ಮೇಡಂ. ಬೆಲ್ಲ ಬೇಯೋ ಜಾಗ, ದಿನಾ ಜನ ಓಡಾಡೋ ಜಾಗ, ಇಲ್ಲಿರೋರಿಗೆ ಯಾಕ್ ಗೊತ್ತಾಗ್ಲಿಲ್ಲ?" ಅಂದ್ಳು. ಸೀರಿಯಲ್ ನೋಡಿ ಬರೋ ಹುಡುಗ್ರು ನನ್ನತ್ರ ಬೇಕಾದಷ್ಟು ಜನ ಬರ್ತಾರೆ, ಇವ್ಳು ಆ ಪೈಕಿ ಅಲ್ಲ ಅಂತ ಅಲ್ಲೇ ಗೊತ್ತಾಯ್ತು, ಹಾಗಾಗಿ ಬೇಡ ಅನ್ನೋ ಮಾತನ್ನ ನಾನು ಎತ್ಲಿಲ್ಲ.

ಆದ್ರೆ ಒಂದು ಗೊಂದಲ ಇತ್ತು. ಬ್ರೋಷರಲ್ಲಿ ಬಿಳಿ ಕೋಟು, ಮೈಕ್ರೋಸ್ಕೋಪು. ಅದು ಫೋರೆನ್ಸಿಕ್, ಅಂದ್ರೆ ಲ್ಯಾಬಲ್ಲಿ ಸಾಕ್ಷಿ ಪರೀಕ್ಷೆ ಮಾಡೋದು. ಎಫ್‌ಎಸ್‌ಎಲ್ (ಸರ್ಕಾರದ ಫೋರೆನ್ಸಿಕ್ ಲ್ಯಾಬ್) ಕೆಲಸಕ್ಕೆ ಸೈನ್ಸ್ ಡಿಗ್ರಿ ಬೇಕು, ಆರ್ಟ್ಸ್ ಓದಿದೋಳಿಗೆ ಬಿಎ ಕ್ರಿಮಿನಾಲಜಿಯಿಂದ ಆ ಬಾಗಿಲು ತೆರೆಯಲ್ಲ. ಇನ್ನು ಪಿಎಸ್‌ಐ (ಪೊಲೀಸ್ ಸಬ್ ಇನ್ಸ್‌ಪೆಕ್ಟರ್) ಆಗೋಕೆ ಯಾವ ಡಿಗ್ರಿ ಆದ್ರೂ ನಡೆಯತ್ತೆ. ಐಎಎಸ್, ಐಪಿಎಸ್‌ಗೆ ಬರೆಯೋ ಯುಪಿಎಸ್‌ಸಿ ಪರೀಕ್ಷೇಲಿ ನಾವು ಆರಿಸ್ಕೊಳ್ಳೋ ಆಪ್ಷನಲ್ ವಿಷಯಗಳ ಪಟ್ಟೀಲಿ ಕ್ರಿಮಿನಾಲಜಿನೇ ಇಲ್ಲ. ಎಂಎ ಮಾಡಿ ನೆಟ್ ಬರೆದು ಪಾಠ ಮಾಡೋಕೆ ಹೋಗ್ಬಹುದು, ಇಲ್ಲಾಂದ್ರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ನು, ಬ್ಯಾಂಕ್ ಫ್ರಾಡ್ ಚೆಕಿಂಗು, ಎನ್‌ಜಿಒ.

ಅಪ್ಪ ವಾಪಸ್ ಬಂದ್ಮೇಲೆ ಕಾವ್ಯ ಕೈಲೇ ಲೆಕ್ಕ ಬರೆಸ್ದೆ. ಸಾಲ ವರ್ಷಕ್ಕೆ 3 ಲಕ್ಷದ ಹಾಗೆ ಮೂರು ಕಂತಲ್ಲಿ ಕೈಗೆ ಬರತ್ತೆ, ಬಡ್ಡಿ ವರ್ಷಕ್ಕೆ ಶೇಕಡಾ 10.5 ಅಂತ ಇಟ್ಕೊಂಡ್ವಿ. ಓದೋ ಮೂರು ವರ್ಷ, ಮುಗಿದ ಮೇಲೆ ಒಂದು ವರ್ಷ ಇಎಂಐ ಕಟ್ಟೋದು ಬೇಕಿಲ್ಲ, ಎಲ್ರೂ ಅದನ್ನ ಫ್ರೀ ಅಂದ್ಕೊಂಡಿರ್ತಾರೆ, ಆದ್ರೆ ಬಡ್ಡಿ ಮೊದಲ ಕಂತು ಕೈಗೆ ಬಂದ ದಿನದಿಂದ್ಲೇ ಓಡ್ತಿರತ್ತೆ. ಕಟ್ಟೋಕೆ ಶುರು ಮಾಡೋ ಹೊತ್ತಿಗೆ 9 ಲಕ್ಷ ಹೋಗಿ ಹತ್ತಿರ ಹತ್ತಿರ 11.8 ಲಕ್ಷ. ಹತ್ತು ವರ್ಷಕ್ಕೆ ಇಎಂಐ ಸುಮಾರು 16 ಸಾವಿರ. ಸಂಬಳ 25 ಸಾವಿರ ಸಿಕ್ತು ಅಂತಾನೇ ಇಟ್ಕೊಳೋಣ, ಬೆಂಗಳೂರಲ್ಲಿ ಪಿಜಿ, ಊಟ, ಓಡಾಟ ಅಂತ 13 ಸಾವಿರ ಹೋದ್ರೆ ಕೈಲಿ 12. ಉಳಿದ 4 ಸಾವಿರ ಅಪ್ಪ ಹಾಲಿನ ದುಡ್ಡಲ್ಲಿ ಕಟ್ಬೇಕು.

ಪಿಎಸ್‌ಐ ಆಗ್ತೀನಿ ಅಂದ್ರೂ ಅಷ್ಟೇ, ಎಕ್ಸಾಮ್ ಯಾವಾಗ ಅನ್ನೋದು ನಮ್ಮ ಕೈಲಿಲ್ಲ. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಬರೆದೋರು, ಅಕ್ರಮ ಅಂತ ಅದು ರದ್ದಾಗಿ, 2024ರ ಜನವರಿಲಿ ಮತ್ತೆ ಬರೀಬೇಕಾಯ್ತು. ಬ್ಯಾಂಕ್‌ನೋರು ಅಲ್ಲಿವರೆಗೂ ಕಾಯ್ತಾರಾ?

ಗದ್ದೆ ಪತ್ರದ ವಿಷಯಕ್ಕೆ ಬಂದ್ರೆ, 7.5 ಲಕ್ಷದವರೆಗಿನ ಓದಿನ ಸಾಲಕ್ಕೆ ಆಸ್ತಿ ಬದ್ಲು ಸರ್ಕಾರನೇ ಬ್ಯಾಂಕ್‌ಗೆ ಗ್ಯಾರಂಟಿ ನಿಲ್ಲೋ ಸ್ಕೀಮ್ ಇದೆ, ಅದನ್ನ ದಾಟಿದ್ರಿಂದ್ಲೇ ಬ್ಯಾಂಕ್‌ನೋರು ಆಸ್ತಿ ಕೇಳ್ತಿರೋದು. ಆ ಗದ್ದೆ ಮೇಲೆ ಆಗ್ಲೇ ಬೆಳೆ ಸಾಲ ಬೇರೆ ಇತ್ತು.

ಅಷ್ಟೊತ್ತು ಸುಮ್ನಿದ್ದ ಕಾವ್ಯ ಪೆನ್ನು ಇಟ್ಬಿಟ್ಟು, "ಅಕ್ಕನ ಮದ್ವೆಗೆ ಸಾಲ ಮಾಡುವಾಗ ಯಾರೂ ಹಿಂಗೆ ಲೆಕ್ಕ ಹಾಕ್ಲಿಲ್ಲ" ಅಂದ್ಳು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅಪ್ಪ ತುಂಬಾ ಹೊತ್ತು ಟವೆಲ್ ಮಡಿಸ್ತಾ ಕೂತಿದ್ದು, "ಹಾಕ್ಬೇಕಿತ್ತು ಕಣ್ ಮಗ, ಇನ್ನೂ ತೀರಿಲ್ಲ ಅದು" ಅಂದ್ರು.

ನಾನು ಹೇಳಿದ್ದು ಇಷ್ಟು. ಕ್ರಿಮಿನಾಲಜಿ ಬಿಡ್ಬೇಡ, 9 ಲಕ್ಷ ಬಿಡು. ಇಲ್ಲೇ ಮೈಸೂರಿನ ಮಹಾರಾಜ ಕಾಲೇಜಲ್ಲಿ ಕ್ರಿಮಿನಾಲಜಿ ವಿಭಾಗ ಇದೆ, ಈ ವರ್ಷ ಯಾವ್ಯಾವ ಕಾಂಬಿನೇಶನ್ ಕೊಡ್ತಿದಾರೆ ಅಂತ ನಾಳೆನೇ ಹೋಗಿ ಕೇಳು. ಊರಿಂದ ಮೈಸೂರಿಗೆ ಶಕ್ತಿ ಬಸ್ಸಲ್ಲಿ ಓಡಾಡ್ಬಹುದು. ಡಿಗ್ರಿ ಜೊತೆಗೇ ಪಿಎಸ್‌ಐ ತಯಾರಿ ನಡೀಲಿ. ಮುಗಿದ ಮೇಲೆ ಎಲ್‌ಎಲ್‌ಬಿನೋ, ಧಾರವಾಡದಲ್ಲಿ ಎಂಎನೋ ಅನ್ನಿಸ್ದಾಗ ಸಾಲ ತಗೋ, 4 ಲಕ್ಷದೊಳಗೆ ಇದ್ರೆ ಸಾಮಾನ್ಯವಾಗಿ ಆಸ್ತಿ, ಜಾಮೀನು ಕೇಳಲ್ಲ. ಬುಕಿಂಗ್ ದುಡ್ಡಿಗೆ ಇವತ್ತೇ ಮೇಲ್ ಹಾಕು, ಅಡ್ಮಿಶನ್ ಕೊನೇ ದಿನ ದಾಟಿದಷ್ಟೂ ವಾಪಸ್ ಬರೋದು ಕಮ್ಮಿ ಆಗ್ತಾ ಹೋಗತ್ತೆ.

ತಿಂಗಳಾದ ಮೇಲೆ ಅಪ್ಪ ಫೋನ್ ಮಾಡಿದ್ರು, 25 ಸಾವಿರದಲ್ಲಿ ಇಪ್ಪತ್ತೆರಡೂವರೆ ಬಂತಂತೆ, ಮೈಸೂರಲ್ಲೇ ಸೇರಿದ್ಳಂತೆ. ಕಾವ್ಯಂಗೆ ಫೋನ್ ಕೊಡಿ ಅಣ್ಣ, ಮಾತಾಡ್ತೀನಿ ಅಂದೆ. "ಸಿಟ್ಟಲ್ ಅವ್ಳೆ ಮೇಡಮ್ಮೋರೆ, ಇನ್ನೊಂದ್ ಸಲ ಮಾಡ್ತೀವಿ" ಅಂದು ಇಟ್ರು.