ಮೆಕ್ಸಿಕೋದ ಹಳೆಯ ಕಡಿಮೆ ಬಜೆಟ್ ಸಾಹಸ ಸಿನಿಮಾಗಳಲ್ಲಿ ಮುಖವಾಡದ ಕುಸ್ತಿಪಟುಗಳೇ ಯಾಕೆ ಹೀರೋ?

ಯಾಕಂದ್ರೆ ಅವರು ರೆಡಿಮೇಡ್ ಹೀರೋಗಳು. ರಿಂಗಿನಲ್ಲಿ ಆಗಲೇ ಹೆಸರು ಮಾಡಿದವರು. ವೇಷ ಅವರದ್ದೇ, ಹೊಡೆದಾಟ ಕಲಿಸಬೇಕಾಗಿಲ್ಲ. ನಿರ್ಮಾಪಕರಿಗೆ ಖರ್ಚು ಉಳಿಯಿತು, ಅಲ್ವಾ?

ಅಸಲಿ ಗುಟ್ಟು ಮುಖವಾಡದಲ್ಲಿದೆ. ಮುಖವೇ ಕಾಣದಿದ್ದರೆ ಅಭಿನಯದ ಚಿಂತೆ ಕಡಿಮೆ, ದನಿಯನ್ನು ಬೇರೆಯವರು ಕೊಟ್ಟರೂ ಗೊತ್ತಾಗುವುದಿಲ್ಲ. ಬೆಳ್ಳಿ ಮುಖವಾಡದ ಎಲ್ ಸಾಂಟೋ ಅವರಿಗೆ ಎಷ್ಟೋ ಸಿನಿಮಾಗಳಲ್ಲಿ ಡಬ್ಬಿಂಗ್ ದನಿಯೇ. 1958ರಲ್ಲಿ ಕ್ಯಾಮೆರಾ ಮುಂದೆ ಬಂದ ಅವರು 50ಕ್ಕೂ ಹೆಚ್ಚು ಸಿನಿಮಾ ಮಾಡಿದರು. ರಕ್ತ ಹೀರುವ ಹೆಂಗಸರು, ಹುಚ್ಚು ವಿಜ್ಞಾನಿಗಳು, ಮಂಗಳ ಗ್ರಹದವರು, ಎಲ್ಲರ ಜೊತೆಗೂ ಗುದ್ದಾಟ! ಕೋಟು ತೊಟ್ಟು ಕಾರು ಓಡಿಸುವಾಗಲೂ ಮುಖವಾಡ ಹಾಗೇ ಇರುತ್ತದೆ. ಸಿನಿಮಾದ ಹೊರಗೂ ಅಷ್ಟೇ. 1984ರಲ್ಲಿ ತೀರಿಕೊಂಡಾಗ ಮುಖವಾಡದ ಸಮೇತವೇ ಮಣ್ಣು ಮಾಡಿದರು.