ಕಾಲಿನೊಳಗಿನ ಮೀನು

ಶ್ರೀರಾಮಪುರದ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ನಿವೃತ್ತ ಬಸ್ ಕಂಡಕ್ಟರ್. ಮೊಮ್ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು. ಅಂಗಾಂಶ, ಮೃದ್ವಸ್ಥಿ, ಅಸ್ಥಿರಜ್ಜು, ಸ್ನಾಯುರಜ್ಜು ಅಂತ ಉರು ಹೊಡೆದೂ ಹೊಡೆದೂ ಅಳೋದಕ್ಕೆ ಶುರು ಮಾಡಿದ್ದಾಳಂತೆ. ‘ಟಿಶ್ಯೂ, ಮಸಲ್, ಲಿಗಮೆಂಟ್ ಅಂದರೆ ಮುಗೀತಲ್ಲ ಸ್ವಾಮಿ. ಈ ಕನ್ನಡದ ಹಟ ಯಾರಿಗೆ ಬೇಕು?’ ಅನ್ನೋದು ಅವರ ಪ್ರಶ್ನೆ. ಕೊನೆಗೆ, ನೀ ಪೇನ್‌ಗೆ ಒಳ್ಳೆ ಎಣ್ಣೆ ಯಾವುದು ಅಂತಲೂ ಕೇಳಿದ್ದಾರೆ.

ಯಜಮಾನರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಹುಡುಗಿ ನಾಳೆ ಪಿಯುಸಿಗೆ ಹೋದರೆ ಇಂಗ್ಲಿಷ್ ಹೆಸರು ಬೇಕೇ ಬೇಕು. ಒಪ್ಪಿದೆ. ಆದರೆ ನೀವು ಬೈದದ್ದು ಕನ್ನಡವನ್ನಲ್ಲ, ಸಂಸ್ಕೃತದಿಂದ ಹೊಸೆದ ಹೆಸರುಗಳನ್ನು. ನೀವು ಹೇಳಿದ ನಾಲ್ಕು ಪದಗಳಲ್ಲಿ ಯಾವುದನ್ನು ನಿಮ್ಮ ತಾಯಿ ಆಡಿದ್ದರು, ಹೇಳಿ?

ನೀವು ಸಲೀಸು ಅನ್ನುವ ಆ ಇಂಗ್ಲಿಷ್ ಪದಗಳನ್ನೇ ಸ್ವಲ್ಪ ಕೆದಕೋಣ. ಟಿಶ್ಯೂ ಅನ್ನೋದು ಫ್ರೆಂಚಿನಿಂದ ಬಂದದ್ದು. ಅರ್ಥ, ನೇಯ್ದದ್ದು. ಈ ಮಾತನ್ನು ಶರೀರಶಾಸ್ತ್ರದಲ್ಲಿ ನೆಲೆ ನಿಲ್ಲಿಸಿದವನು ಪ್ಯಾರಿಸ್ಸಿನ ಬಿಷಾ ಅನ್ನೋ ಹುಡುಗ ವೈದ್ಯ. ಸೂಕ್ಷ್ಮದರ್ಶಕವನ್ನು ಅವನು ನಂಬುತ್ತಿರಲಿಲ್ಲ. ಹೆಣ ಕೊಯ್ದು, ಬೇಯಿಸಿ, ಒಣಗಿಸಿ, ಕೈಯಲ್ಲೇ ಹಿಂಜಿ ನೋಡಿದ. ನಮ್ಮ ಮೈಯೊಳಗೆ 21 ಬಗೆಯ ನೇಯ್ಗೆ ಇದೆ ಅಂದ. 1801ರಲ್ಲಿ ಪುಸ್ತಕ ಬಂತು. ಮರುವರ್ಷ ತೀರಿಕೊಂಡ, ಮೂವತ್ತೇ ವಯಸ್ಸು. ಇವತ್ತು ಅದನ್ನು ನಾಲ್ಕೇ ಗುಂಪಿಗೆ ಇಳಿಸಿದ್ದಾರೆ. ಮೈಯನ್ನು ಹೊದಿಸುವುದು, ಒಂದಕ್ಕೊಂದು ಹೊಂದಿಸಿ ಹಿಡಿಯುವುದು, ಎಳೆಯುವುದು, ಸುದ್ದಿ ಒಯ್ಯುವುದು. ಮೂಳೆ ಎರಡನೇ ಗುಂಪು. ರಕ್ತವೂ ಅದೇ ಗುಂಪು, ನಂಬುತ್ತೀರಾ!

ನನ್ನ ಸೋದರಮಾವನಿಗೆ ಕಬ್ಬನ್‌ಪೇಟೆಯಲ್ಲಿ ಎರಡು ಮಗ್ಗ ಇತ್ತು. ಹಾಸು, ಹೊಕ್ಕು, ಲಾಳಿ ಎಲ್ಲಾ ಮನೆಮಾತು. ಅವರ ಎದುರು ನಿಂತು ‘ಮೈ ಅನ್ನೋದು ನೇಯ್ಗೆ ಮಾವ’ ಅಂದಿದ್ದರೆ ಅರ್ಧ ಪಾಠ ಅಲ್ಲೇ ಆಗುತ್ತಿತ್ತು. ನಾವು ಮಾಡಿದ್ದೇನು? ನೇಯ್ಗೆಯನ್ನು ಬಿಸಾಕಿ, ಅಂಗದ ಅಂಶ ಅಂತ ಹೆಸರಿಟ್ಟೆವು. ಎಳೆಯೇ ಕಾಣದ ಬಟ್ಟೆ!

ಮಸಲ್ ಕಥೆ ಇನ್ನೂ ಚೆನ್ನ. ಲ್ಯಾಟಿನ್‌ನಲ್ಲಿ ಅದು ಮರಿ ಇಲಿ. ತೋಳು ಮಡಚಿದರೆ ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತಲ್ಲ, ಅದಕ್ಕೆ. ರೋಮಿನವರು ಇಲಿ ಕಂಡರು, ನಮ್ಮವರು ಮೀನು ಕಂಡರು. ಮೀನಖಂಡ, ಮಂಡಿಯ ಕೆಳಗೆ ಕಾಲಿನ ಹಿಂದೆ ಉಬ್ಬಿರುವ ಮಾಂಸ! ಮೂವತ್ತು ವರ್ಷ ಬಸ್ಸಿನಲ್ಲಿ ನಿಂತ ನಿಮಗೆ ಅದನ್ನು ನಾನು ತೋರಿಸಬೇಕಾ? ನಡೆಯುವಾಗಲೆಲ್ಲ ಕಾಲಿಗಿಳಿದ ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳೋದು ಆ ಮೀನೇ. ಸುಮ್ನೆ ನಿಂತರೆ ಅದಕ್ಕೆ ಕೆಲಸವಿಲ್ಲ, ಅದಕ್ಕೇ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳೋದು.

ಸಂಸ್ಕೃತದ ಮೇಲೆ ನನಗೆ ಕೋಪ ಅಂದುಕೊಳ್ಳಬೇಡಿ. ಸುಶ್ರುತ ಸಂಹಿತೆಯಲ್ಲಿ 500 ಪೇಶಿ, 900 ಸ್ನಾಯು ಅಂತ ಬೇರೆಬೇರೆ ಲೆಕ್ಕ ಇದೆ. ಮಾಂಸಖಂಡ ಅಂದರೆ ಪೇಶಿ. ಸ್ನಾಯು ಅಂದರೆ ಬಿಗಿದು ಕಟ್ಟುವ ನಾರು. ನಮ್ಮ ಪಠ್ಯಪುಸ್ತಕ ಮಾಂಸಖಂಡವನ್ನೇ ಸ್ನಾಯು ಮಾಡಿತು. ಮೃದ್ವಸ್ಥಿಗೆ, ಅಂದರೆ ಕಿವಿಯಲ್ಲಿ, ಕೀಲಿನಲ್ಲಿ ಇರುವ ಕಾರ್ಟಿಲೇಜಿಗೆ, ಸುಶ್ರುತನ ಮಾತು ತರುಣಾಸ್ಥಿ. ಎಳೆ ಮೂಳೆ ಅನ್ನಿ, ಎಷ್ಟು ಸರಿಯಾಗಿದೆ! ಹೊಟ್ಟೆಯಲ್ಲಿರುವ ಕೂಸಿನ ಅಸ್ಥಿಪಂಜರ ಮೊದಲಿಗೆ ಬಹುಪಾಲು ಈ ಎಳೆ ಮೂಳೆಯೇ. ಹುಟ್ಟುವಾಗ ಸುಮಾರು 300 ತುಂಡು, ಬೆಳೆಯುತ್ತಾ ಕೂಡಿಕೊಂಡು 206. ತರುಣಾಸ್ಥಿ ಅನ್ನೋದು ಹೆಣ ಕೊಯ್ದು ನೋಡಿದವರ ಭಾಷೆ. ನೋಡದವರು ಇಟ್ಟ ಹೆಸರು ನಾಲಿಗೆಗೆ ಉಳುಕು.

ಉಳುಕು ಅಂದಾಗ ನೆನಪಾಯಿತು. ಹೋದ ವರ್ಷ ಫುಟ್‌ಪಾತಿನ ಅಲ್ಲಾಡುವ ಕಲ್ಲಿನ ಮೇಲೆ ಕಾಲಿಟ್ಟೆ, ಪಾದ ಹೊರಳಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ‘ಲಿಗಮೆಂಟ್ ಟೇರ್’ ಅಂದು ಹೊರಟರು. ನನ್ನ ಹೆಂಡತಿ ಗಾಬರಿಯಾಗಿ ಅಳು ಮುಖ ಮಾಡಿದಳು. ಪಟ್ಟಿ ಸುತ್ತುತ್ತಿದ್ದ ಮಾಗಡಿ ಕಡೆಯ ಹುಡುಗ ಹೇಳಿದ: ‘ಏನಿಲ್ಲ ಅಮ್ಮ, ಮೂಳೆಗೂ ಮೂಳೆಗೂ ಕಟ್ಟಿರೋ ಹಗ್ಗದಲ್ಲಿ ಒಂದೆರಡು ಎಳೆ ಕಿತ್ತಿದೆ.’ ಅಷ್ಟೇ. ಅಸ್ಥಿರಜ್ಜು ಅಂದರೂ ಅದೇ, ಲಿಗಮೆಂಟ್ ಅನ್ನೋ ಲ್ಯಾಟಿನ್ನಿನ ಮೂಲವೂ ಕಟ್ಟು ಅಂತಲೇ. ಆದರೆ ಸಮಾಧಾನ ಆದದ್ದು ಹಗ್ಗದಿಂದ.

ಮನೆಮಾತು ಒಮ್ಮೊಮ್ಮೆ ಮೋಸ ಮಾಡುತ್ತೆ, ಅದನ್ನೂ ಹೇಳಿಬಿಡುತ್ತೇನೆ. ನರ ಅನ್ನೋದು ನಮ್ಮಲ್ಲಿ ಎಲ್ಲಕ್ಕೂ ಸಲ್ಲುತ್ತೆ. ಕೈಮೇಲೆ ಉಬ್ಬಿದ್ದೂ ನರ, ಕತ್ತಿನಲ್ಲಿ ಹಿಡಿದದ್ದೂ ನರ. ನಿಜದಲ್ಲಿ ಮೊದಲನೆಯದು ರಕ್ತನಾಳ, ಎರಡನೆಯದು ಹೆಚ್ಚಾಗಿ ಮಾಂಸಖಂಡ; ಸುದ್ದಿ ಒಯ್ಯುವುದು ಮಾತ್ರ ನರ. ತಿದ್ದಿಕೊಂಡರಾಯಿತು.

ಪಠ್ಯ ಬರೆಯುವ ಸಭೆಗೆ ಒಬ್ಬ ನೇಕಾರನನ್ನು ಕರೆದದ್ದು ನಾನು ಕೇಳಿಲ್ಲ. ಮಾಂಸದಂಗಡಿಯವನನ್ನು, ಪೇಟೆಯ ಗರಡಿ ಉಸ್ತಾದನನ್ನು ಕೇಳೋದಂತೂ ದೂರದ ಮಾತು. ಅತ್ತ ಕ್ರಾಸಿಗೊಂದು ಜಿಮ್ ಎದ್ದಿದೆ. ಬೈಸೆಪ್ಸ್ ಬೆಳೆಸುವ ಹುಡುಗನಿಗೆ ‘ನಿನ್ನ ರಟ್ಟೆ ತೋರಿಸಪ್ಪ’ ಅಂದರೆ ಪಿಳಿಪಿಳಿ ನೋಡುತ್ತಾನೆ. ಬಾಡಿಗೆ ಮನೆಯಲ್ಲಿರೋರು ಗೋಡೆಗೆ ಮೊಳೆ ಹೊಡೆಯೋಕೂ ಹೆದರುತ್ತಾರಲ್ಲ, ನಮ್ಮ ಮೈಯಲ್ಲಿ ನಾವೇ ಹಾಗಾಗಿದ್ದೇವೆ.

ಮೊಮ್ಮಗಳಿಗೆ ಹೇಳಿ, ಪರೀಕ್ಷೆಯಲ್ಲಿ ಅಂಗಾಂಶ ಅಂತಲೇ ಬರೆಯಲಿ. ಮಾರ್ಕ್ಸು ಬೇಕಲ್ವಾ. ಮನೆಯಲ್ಲಿ ಮಾತ್ರ ಕಿವಿ ಮಡಚಿ ಬಿಡಲಿ, ಸಟ್ಟನೆ ನೆಟ್ಟಗಾಗುತ್ತಲ್ಲ, ಅದೇ ಎಳೆ ಮೂಳೆ. ತುದಿಗಾಲಲ್ಲಿ ನಿಂತು ಹಿಮ್ಮಡಿಯ ಮೇಲೆ ಹಿಡಿಯಲಿ. ಅಲ್ಲಿ ಬಿಗಿಯಾಗುವ ಹುರಿಯೇ ಮೀನಖಂಡವನ್ನು ಮೂಳೆಗೆ ಕಟ್ಟಿರೋದು. ಸ್ನಾಯುರಜ್ಜು ಅಂದರೆ ಅದು.

ಎಣ್ಣೆಯ ವಿಷಯ. ಚಿಪ್ಪು ಸವೆದಿದೆ ಅಂತ ಬರೆದಿದ್ದೀರಿ. ಹೆಚ್ಚಿನವರಲ್ಲಿ ಮೊದಲು ಸವೆಯೋದು ಚಿಪ್ಪಲ್ಲ, ಕೀಲೊಳಗಿನ ಎಳೆ ಮೂಳೆ. ಅದಕ್ಕೆ ರಕ್ತನಾಳವೇ ಇಲ್ಲ, ಮುರಿದ ಮೂಳೆ ಕೂಡಿದ ಹಾಗೆ ಅದು ಕೂಡಲ್ಲ. ಮೇಲೆ ಹಚ್ಚಿದ ಎಣ್ಣೆ ಅಲ್ಲಿಗೆ ಮುಟ್ಟೋದೂ ಇಲ್ಲ. ಡಾಕ್ಟರಿಗೆ ತೋರಿಸಿ. ಅಲ್ಲಿ ಹೋಗಿ ನೀ ಪೇನ್ ಅನ್ನಬೇಡಿ, ಮಂಡಿನೋವು ಅನ್ನಿ.