ಚೆಕ್, ಸ್ಲೋವಾಕ್ ವಲಸಿಗರ ಅಡುಗೆ ಅಮೆರಿಕದಲ್ಲಿ ಇಷ್ಟು ತಲೆಮಾರು ಹೇಗೆ ಉಳಿಯಿತು? ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸಿದ್ದರಿಂದಲೇ?

ಅಜ್ಜಿಯರ ಪಾಲು ಇದೆ, ಇಲ್ಲ ಅನ್ನಲ್ಲ. ಆದರೆ ಅಷ್ಟೇ ಆಗಿದ್ದರೆ ಇಷ್ಟೊತ್ತಿಗೆ ಮುಗಿದುಹೋಗಿರುತ್ತಿತ್ತು. ನಾನು ಹಾಸನದ ಕಡೆಯವನು, ಹ್ಯೂಸ್ಟನ್‌ನಲ್ಲಿ ಇದ್ದೇನೆ. ಇಲ್ಲಿ ನೋಡಿದ್ದರಿಂದ ನನಗೆ ಅನ್ನಿಸಿದ್ದು ಇದು: ಮನೆಯೊಳಗೇ ಉಳಿದ ತಿಂಡಿಗಳು ಬಡವಾದವು. ಅಂಗಡಿಗೋ ಚರ್ಚಿಗೋ ಹೋಗಿ ನಾಲ್ಕು ಕಾಸು ಸಂಪಾದಿಸಿದವು ಬದುಕಿಕೊಂಡವು.

ಟೆಕ್ಸಾಸ್‌ಗೆ ಚೆಕ್ ಜನ 1850ರ ದಶಕದಿಂದ ಬರತೊಡಗಿದರು. ಹೆಚ್ಚಿನವರು ಚೆಕ್ ನಾಡಿನ ಪೂರ್ವಭಾಗವಾದ ಮೊರಾವಿಯಾದ ರೈತರು. ಗ್ಯಾಲ್ವೆಸ್ಟನ್ ಬಂದರಿನಲ್ಲಿ ಇಳಿದು, ಒಳನಾಡಿಗೆ ಹೋಗಿ ಜಮೀನು ಹಿಡಿದರು. ಅವರ ಜೊತೆ ಬಂದ ತಿಂಡಿ ಕೊಲಾಚೆ. ಈಸ್ಟ್ ಹಾಕಿ ಉಬ್ಬಿಸಿದ ಸಿಹಿ ಹಿಟ್ಟು, ನಡುವೆ ಬೆರಳಿನಿಂದ ಒತ್ತಿದ ಗುಳಿ. ಆ ಗುಳಿಯಲ್ಲಿ ಒಣ ಪ್ಲಮ್, ಏಪ್ರಿಕಾಟ್, ಸಿಹಿ ಹಾಕಿದ ಮೆದು ಚೀಸ್ ಅಥವಾ ಗಸಗಸೆ. ಮೇಲೆ ಬೆಣ್ಣೆ, ಸಕ್ಕರೆ, ಮೈದಾ ಕಲಸಿದ ಪುಡಿ. ಗಸಗಸೆ ಅಂದರೆ ನಮ್ಮ ಪಾಯಸದ ಬಿಳಿ ಗಸಗಸೆ ಅಲ್ಲ, ನೀಲಿಗಪ್ಪು ಬಣ್ಣದ್ದು. ಅರೆದು, ಹಾಲು ಸಕ್ಕರೆ ಹಾಕಿ ಕುದಿಸುತ್ತಾರೆ. ಮೊದಲ ಸಲ ತಿಂದಾಗ ನನಗೆ ರುಚಿ ಹೊಸದು ಅನ್ನಿಸಲೇ ಇಲ್ಲ!

ಮದುವೆ, ಚರ್ಚಿನ ಹಬ್ಬ ಅಂತಿದ್ದ ಈ ತಿಂಡಿ ಬೇಕರಿಗೆ ಬಂದಮೇಲೆ ದಾರಿಹೋಕರ ಬೆಳಗಿನ ತಿಂಡಿ ಆಯಿತು. ವೇಕೋ ಹತ್ತಿರ ವೆಸ್ಟ್ ಅಂತ ಒಂದು ಸಣ್ಣ ಊರಿದೆ. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ಐ-35 ಹೆದ್ದಾರಿ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿನ ಚೆಕ್ ಸ್ಟಾಪ್ ಬೇಕರಿಯಲ್ಲಿ ಸಾಲು ನಿಲ್ಲುವವರಲ್ಲಿ ಚೆಕ್ ಮೂಲದವರು ಎಷ್ಟು ಜನ ಇದ್ದಾರೋ, ಯಾರಿಗೆ ಬೇಕು? ವ್ಯಾಪಾರ ನಡೆಯುತ್ತದೆ, ಹಿಟ್ಟು ಕಲಸುವವರಿಗೆ ಕೆಲಸ ಇರುತ್ತದೆ. ಹಳೆಯ ಮನೆಗಳಲ್ಲಿ ಚೆಕ್ ಮಾತು ಹೆಚ್ಚುಕಡಿಮೆ ನಿಂತೇ ಹೋಗಿದೆ. ಕೊಲಾಚೆ ಮಾತ್ರ ಪೆಟ್ರೋಲ್ ಬಂಕಿನಲ್ಲೂ ಸಿಗುತ್ತದೆ.

ಬದಲಾವಣೆ ಆಗಲಿಲ್ವಾ ಅಂದರೆ, ಜಾಸ್ತಿನೇ ಆಯಿತು. ಅದೇ ಹಿಟ್ಟಿನೊಳಗೆ ಸಾಸೇಜ್ ಸುತ್ತಿದ ಕ್ಲೊಬಾಸ್ನಿಕ್ ಹುಟ್ಟಿದ್ದು ಚೆಕ್ ದೇಶದಲ್ಲಲ್ಲ, ಟೆಕ್ಸಾಸ್‌ನಲ್ಲಿ. 1950ರ ದಶಕದಲ್ಲಿ ವೆಸ್ಟ್ ಊರಿನ ವಿಲೇಜ್ ಬೇಕರಿ ಅದನ್ನು ಶುರುಮಾಡಿತು ಅನ್ನುತ್ತಾರೆ. ಈಗ ಅದಕ್ಕೆ ಹಲಾಪೆನ್ಯೊ ಮೆಣಸಿನಕಾಯಿಯೂ ಸೇರಿದೆ. ಊರಿನವರಲ್ಲದ ಜನ ಅದನ್ನೂ ಕೊಲಾಚೆ ಅಂತಲೇ ಕರೆದರೆ ಹಳಬರಿಗೆ ಸಿಟ್ಟು ಬರುತ್ತದೆ. ನನಗೇನೋ ಆ ಸಾಸೇಜ್ ವ್ಯಾಪಾರವೇ ಹಣ್ಣಿನ ಕೊಲಾಚೆಯನ್ನೂ ಸಾಕುತ್ತಿದೆ ಅನ್ನಿಸುತ್ತದೆ.

ಸ್ಲೋವಾಕರ ಕಥೆ ಬೇರೆ. ಅವರು ಹೆಚ್ಚಾಗಿ ಬಂದದ್ದು 1880ರಿಂದ ಮೊದಲ ಮಹಾಯುದ್ಧದವರೆಗೆ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ, ಪಿಟ್ಸ್‌ಬರ್ಗ್, ಕ್ಲೀವ್‌ಲ್ಯಾಂಡ್‌ನ ಉಕ್ಕಿನ ಕಾರ್ಖಾನೆಗಳಿಗೆ. ಊರಲ್ಲಿ ಅವರ ದೊಡ್ಡ ಊಟ ಅಂದರೆ ಬ್ರಿಂಡ್ಜಾ ಹಲುಷ್ಕಿ: ಆಲೂಗಡ್ಡೆ ಹಿಟ್ಟಿನ ಸಣ್ಣ ಉಂಡೆಗಳಿಗೆ ಕುರಿಹಾಲಿನ ಚೀಸ್ ಬೆರೆಸಿ, ಮೇಲೆ ಹುರಿದ ಹಂದಿಮಾಂಸದ ಚೂರು. ಗಣಿ ಊರಲ್ಲಿ ಕುರಿಹಾಲಿನ ಚೀಸ್ ಎಲ್ಲಿಂದ ತರೋದು? ಸಿಕ್ಕಿದ್ದು ಎಲೆಕೋಸು, ಬೆಣ್ಣೆ, ನೂಡಲ್ಸ್. ಇವತ್ತಿಗೂ ಪಿಟ್ಸ್‌ಬರ್ಗ್‌ನಲ್ಲಿ ಹಲುಷ್ಕಿ ಕೇಳಿದರೆ ಬರುವುದು ಎಲೆಕೋಸು ನೂಡಲ್ಸ್. ಸ್ಲೋವಾಕಿಯಾದಿಂದ ಈಗ ಬಂದವರು ತಟ್ಟೆ ನೋಡಿ ಕಣ್ಣರಳಿಸಿದರೆ ತಪ್ಪಿಲ್ಲ.

ಪಿಟ್ಸ್‌ಬರ್ಗ್ ಕಡೆ ಅಡುಗೆಯನ್ನು ಕಾಪಾಡಿದ್ದು ಚರ್ಚಿನ ನೆಲಮಾಳಿಗೆ. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಕ್ಯಾಥೊಲಿಕ್ಕರು ಮಾಂಸ ತಿನ್ನಲ್ಲ. ಹಾಗಾಗಿ ಪಿರೊಹಿಗೆ ಭಾರಿ ಬೇಡಿಕೆ. ಕಡುಬಿನ ಹಾಗೆ ಹಿಟ್ಟಿನೊಳಗೆ ಆಲೂಗಡ್ಡೆ, ಚೀಸ್ ಅಥವಾ ಹುಳಿ ಎಲೆಕೋಸು ತುಂಬಿ, ಮಡಚಿ, ಬೇಯಿಸಿ, ಬೆಣ್ಣೆ ಈರುಳ್ಳಿ ಹಾಕಿ ಕೊಡುತ್ತಾರೆ. ವಯಸ್ಸಾದ ಹೆಂಗಸರು ಮೇಜಿನ ಸುತ್ತ ಕೂತು ಡಜನ್‌ಗಟ್ಟಲೆ ಮಡಚುತ್ತಾರೆ. ಬಂದ ದುಡ್ಡು ಚರ್ಚಿನ ಖರ್ಚಿಗೆ. ಕಲಿಯಬೇಕು ಅಂತ ಯಾರೂ ಅಲ್ಲಿಗೆ ಬರಲ್ಲ. ಕೈ ಕಮ್ಮಿಯಾಯಿತು ಅಂತ ಮಗಳನ್ನೋ ಸೊಸೆಯನ್ನೋ ಕರೆದಿರುತ್ತಾರೆ, ಅವಳು ಕಲಿತುಬಿಡುತ್ತಾಳೆ.

ಒಂದು ಊಟಕ್ಕೆ ಮಾತ್ರ ನನ್ನ ಲೆಕ್ಕ ಹೊಂದುವುದಿಲ್ಲ, ಕ್ರಿಸ್‌ಮಸ್ ಹಿಂದಿನ ರಾತ್ರಿಯದು. ಜೇನು ಸವರಿದ, ಹಪ್ಪಳದಷ್ಟು ತೆಳು ಬಿಲ್ಲೆಗಳಾದ ಒಪ್ಲಾಟ್ಕಿ, ಹುಳಿ ಎಲೆಕೋಸಿನ ಸಾರು, ಗಸಗಸೆ ಜೇನು ಬೆರೆಸಿದ ಬೊಬಾಲ್ಕಿ ಅನ್ನುವ ಪುಟ್ಟ ಹಿಟ್ಟಿನ ಉಂಡೆಗಳು. ಇದನ್ನು ಹೋಟೆಲಿನಲ್ಲಿ ಯಾರೂ ಕೇಳಲ್ಲ. ಆದರೂ ವರ್ಷಕ್ಕೊಮ್ಮೆ ಕಡ್ಡಾಯ ಅಂತ ಇರುವುದರಿಂದ ಅನೇಕ ಮನೆಗಳಲ್ಲಿ ಉಳಿದಿದೆ.

ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿ ಚೆಕ್, ಸ್ಲೋವಾಕ್ ಜನರದೇ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. 2008ರ ಪ್ರವಾಹದಲ್ಲಿ ಮುಳುಗಿ, 2012ರಲ್ಲಿ ಮತ್ತೆ ತೆರೆಯಿತು. ಇತಿಹಾಸ ಬೇಕಿದ್ದರೆ ಅಲ್ಲಿಗೆ ಹೋಗಿ. ತಿನ್ನಬೇಕಿದ್ದರೆ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಕಾಲ್ಡ್‌ವೆಲ್ ಊರಿನ ಕೊಲಾಚೆ ಹಬ್ಬಕ್ಕೆ ಬನ್ನಿ. ಸಸ್ಯಾಹಾರಿಗಳಾದರೆ ಒಳಗೆ ಏನಿದೆ ಅಂತ ಕೇಳಿಯೇ ತಗೊಳ್ಳಿ. ಮುಚ್ಚಿದ ಬನ್ನಿನಂತೆ ಕಂಡರೆ ಅದರಲ್ಲಿ ಸಾಸೇಜ್ ಇರುವುದೇ ಹೆಚ್ಚು.